ಸಾಕೆ

ಅಕಿತಾದಲ್ಲಿ ಜನವರಿ. ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ.
ಮದ್ಯ ಸಂಶೋಧನೆಯ ಸರ್ಕಾರಿ ಕಟ್ಟಡದ ಕೆಳಗಿನ ಕೋಣೆಯಲ್ಲಿ
ಚಿಗುಸಾ ನಗುಮೊ ಎರಡು ಜಾಡಿ ಇಟ್ಟುಕೊಂಡು ಕೂತಿದ್ದಾಳೆ.
ಒಂದರ ಕೊರಳಿಗೆ ಕೆಂಪು ದಾರ. ಇನ್ನೊಂದಕ್ಕೆ ಏನಿಲ್ಲ.

ಯೀಸ್ಟಿನ ಒಡಲಲ್ಲೊಂದು ಜೀನ್: ರಿಮ್ ಹದಿನೈದು.
ಅದು ಕಟ್ಟುವ ಪ್ರೋಟೀನು ಕೈನೇಸ್ ಜಾತಿಯದು,
ಹೆಸರಲ್ಲೇ ಕೈ, ಕಸುಬೂ ಕೈಯದೇ:
ಫಾಸ್ಫೇಟಿನ ಚೂರೊಂದನ್ನು ಪಕ್ಕದವನ ಅಂಗೈಗೆ ದಾಟಿಸುವುದು.
ಸಕ್ಕರೆ ತಳ ಕಂಡಾಗ ಅದು ಮನೆಮನೆಗೂ ಸುದ್ದಿ ಮುಟ್ಟಿಸುತ್ತದೆ:
ಬಾಗಿಲು ಹಾಕಿ, ಗೋಡೆ ದಪ್ಪ ಮಾಡಿಕೊಳ್ಳಿ,
ನಾಳೆಗೊಂದಿಷ್ಟು ಗಂಟು ಕಟ್ಟಿಡಿ,
ಒಬ್ಬರು ಇಬ್ಬರಾದದ್ದು ಸಾಕು.

ನಮ್ಮ ಅಕ್ಷರದಲ್ಲಿ ಹೇಳಿದರೆ ಅದರ ಒಕ್ಕಣೆ ಇಷ್ಟು:

    ಕೆಲಸ ಮುಗಿಸಿ ಮಲಗು

ಮೂರು ಮೂರೇ ಅಕ್ಷರ ಓದಬೇಕು, ನಡುವೆ ಉಸಿರಿಲ್ಲ.
ಸಾಕೆಯ ಯೀಸ್ಟಿನಲ್ಲಿ, ಯಾವ ಪೀಪಾಯಿಯಲ್ಲೋ, ಯಾವ ಚಳಿಯಲ್ಲೋ,
ನಕಲು ಮಾಡುವ ಕೈ ತೂಕಡಿಸಿ
ಒಂದು ಅ ಹೆಚ್ಚು ಬಿತ್ತು.

    ಕೆಲಸ ಅಮುಗಿ ಸಿಮಲ ಗು

ಕೆಲಸ ಒಂದೇ ಉಳಿಯಿತು.
ಮಲಗು ಎಲ್ಲಿಗೆ ಹೋಯಿತೋ.

ಅಂದಿನಿಂದ ಆ ಕುಲಕ್ಕೆ ನಿದ್ದೆ ಗೊತ್ತಿಲ್ಲ.
ಸಕ್ಕರೆ ತೀರಲಿ, ಮದ್ಯದ ಉರಿ ಕೊರಳಿಗೆ ಬರಲಿ,
ತೆಳ್ಳನೆ ಗೋಡೆಯೊಳಗೆ ನಿಂತು ಹುದುಗಿಸುತ್ತವೆ, ಹುದುಗಿಸುತ್ತವೆ,
ರೊಟ್ಟಿ ಉಬ್ಬಿಸುವ ದಾಯಾದಿಗಳಿಗಿಂತ ಮೊದಲೇ ಸಾಯುತ್ತವೆ.
ಅದಕ್ಕೇ ಬಟ್ಟಲಲ್ಲಿ ಅಷ್ಟು ಕಸುವು.
ಸಾಕೆ: ಅವರಿಗದು ಕುಡಿಯುವುದರ ಹೆಸರು.
ನಮಗೆ, ಪ್ರಶ್ನೆ.

ದಾರದ ಜಾಡಿಯಲ್ಲಿ ಚಿಗುಸಾ ಆ ಅಕ್ಷರ ತೆಗೆದಿದ್ದಾಳೆ.
ಒಂದು ಅ ಅಳಿಸಲು ಎರಡು ವರ್ಷ ಹಿಡಿಯಿತು.

ನೋಡಲು ಬಂದವರು ಹೊರಿಗೊಮೆ, ಕಣಿವೆಯಾಚೆಯ ಪೀಪಾಯಿಗಳ ಯಜಮಾನ,
ಎಪ್ಪತ್ತೊಂದು ವರ್ಷ, ಬೂಟಿನ ಹಿಮ ಬಾಗಿಲಲ್ಲೇ ಕೊಡವಿ.
ನವೆಂಬರಿನಿಂದ ಎರಡು ತಾಸಿಗೊಮ್ಮೆ ಎದ್ದು
ಬೂಷ್ಟು ಹತ್ತಿಸಿದ ಅನ್ನಕ್ಕೆ ಕೈಯಾಡಿಸುವ ಮನುಷ್ಯ.
ಆ ಬೆರಳುಗಳು ಮಾತ್ರ ಬಿಳಿ, ನಯ, ಹಸುಗೂಸಿನವು.
"ಕುಡಿಯುವಂತಿಲ್ಲ," ಅಂದಳು, "ಪ್ರಯೋಗದ್ದು."
ಅವರು ಕುಡಿಯಲಿಲ್ಲ, ಮೂಸಲೂ ಇಲ್ಲ.
ಕಿವಿಯಿಟ್ಟರು.

ದಾರವಿಲ್ಲದ ಜಾಡಿ ಹದಿನೆಂಟನೆಯ ದಿನವೂ ಪಿಸುಗುಡುತ್ತಿತ್ತು,
ಒಲೆಯ ಮೇಲೆ ಮರೆತ ಗಂಜಿಯ ಹಾಗೆ.
ಇನ್ನೊಂದು ಸುಮ್ಮನಿತ್ತು.
ತುಂಬ ಹೊತ್ತು ಕಿವಿ ತೆಗೆಯಲಿಲ್ಲ.
"ಸತ್ತಿವೆಯೆ?"
"ಇಲ್ಲ, ಮಲಗಿವೆ. ಸಕ್ಕರೆ ಕೊಟ್ಟರೆ ಏಳುತ್ತವೆ."
"ನೀರುನೀರಾಗಿರಬೇಕು."
"ಹೌದು. ಶೇಕಡಾ ಹನ್ನೆರಡು ದಾಟಿಲ್ಲ."
"ಮಾರಲಿಕ್ಕಾಗದು," ಅಂದರು.
ದಾರವನ್ನು ಒಮ್ಮೆ ಮುಟ್ಟಿ ನೋಡಿದರು.

ಹೀಟರಿನ ಪಕ್ಕದ ಸ್ಟೂಲಿನಲ್ಲಿ ಕೂತವರು
ಬೂಟಿನಲ್ಲೇ, ಟೊಪ್ಪಿಯಲ್ಲೇ, ಗೋಡೆಗೆ ತಲೆ ಕೊಟ್ಟು,
ಚಹಾ ತರುವಷ್ಟರಲ್ಲಿ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದು.
ಚಿಗುಸಾ ಲೋಟ ಕೆಳಗಿಟ್ಟಳು, ಸದ್ದಾಗದಂತೆ,
ಪೆನ್ಸಿಲಿನಲ್ಲಿ ಬರೆದುಕೊಂಡಳು: ದಿನ ೧೮, ಚಟುವಟಿಕೆ ಇಲ್ಲ.

ಎರಡು ಗಂಟೆಗೆ ಅವರ ಜೇಬಿನಲ್ಲಿ ಅಲಾರಾಂ.
ಕಣಿವೆಯಾಚೆ ಅನ್ನ ಬಿಸಿಯೇರುತ್ತಿದೆ, ಕೈಯಾಡಿಸಬೇಕು.
ಅವಳ ಕೈ ಅವರ ಭುಜದ ತನಕ ಹೋಗಿ ಗಾಳಿಯಲ್ಲೇ ನಿಂತಿತು,
ದಾಟಿಸಬೇಕಾದ್ದು ಏನೆಂದು ತಿಳಿಯದ ಕೈ.
ದಾರವಿಲ್ಲದ ಜಾಡಿ ಪಿಸುಗುಡುತ್ತಲೇ ಇತ್ತು.