ಹೆಸರಿಲ್ಲದ ಗುಂಡಿ

ದಕ್ಕೆಯಲ್ಲಿ ಏಲ ಮುಗಿದ ಹೊತ್ತು.
ಕಿವಿರಿಗೆ ಹೆಬ್ಬೆರಳು ಒತ್ತಿದರೆ ಸಾಕು,
ಬಂಗುಡೆ ಇವತ್ತಿನದೋ ನಿನ್ನೆಯದೋ
ಜಲಜಕ್ಕ ಹೇಳುತ್ತಾಳೆ.
ಕಣ್ಣು ಹೋಗಿ ಆರು ಮಳೆಗಾಲ.

ಈ ಗಾಜಿಗೆ ಮಾತ್ರ ಕಿವಿರಿಲ್ಲ, ಹುರುಪೆಯಿಲ್ಲ.
ಗಿರಾಕಿ ಹಾಕಿದ ನೂರಿಪ್ಪತ್ತು ಬಂತೋ ಇಲ್ಲವೋ,
ತಡವಿದಲ್ಲೆಲ್ಲ ಫೋನಿನೊಳಗಿನ ಹೆಂಗಸು
"ಗುಂಡಿ" ಅನ್ನುತ್ತಾಳೆ. ಮತ್ತೆ "ಗುಂಡಿ".
ಯಾವುದರದ್ದು, ಹೇಳುವುದಿಲ್ಲ.

"ಬಂದರಿನ ಮಾರ್ಗವೇ ವಾಸಿ ಮಾರಾಯ್ತಿ,
ಅಲ್ಲಿಯ ಗುಂಡಿಗಳ ಗುರ್ತವಾದರೂ ಉಂಟು."

ನಾನು ನಗಲಿಲ್ಲ.
ಆ ಗುಂಡಿಗಳಿಗೆ ನೀಲಿ ಆರಿಸಲು
ಎರಡು ವಾರ ತೆಗೆದುಕೊಂಡವಳು ನಾನೇ.
ಹೆಸರಿಡುವುದು ಮರೆತುಹೋಗಿತ್ತು.

ಐಸಿನ ಪೆಟ್ಟಿಗೆಯಿಂದ ಏನನ್ನೋ ಎತ್ತಿ
ನನ್ನ ಅಂಗೈಗಿಟ್ಟಳು:
"ಕಣ್ಣು ಮುಚ್ಚು. ಯಾವುದು ಹೇಳು."

ತಣ್ಣಗಿತ್ತು. ಜಾರುತ್ತಿತ್ತು.
"ಮೀನು," ಅಂದೆ.