ಓದಲು ಮಾತ್ರ

ಹತ್ತಕ್ಕೆ ಐದಿರುವಾಗ, ಮಸ್ಜಿದ್ ಬಂದರಿನ ಮೂರನೇ ಮಾಳಿಗೆಯಲ್ಲಿ
ನನ್ನ ಕಂಪ್ಯೂಟರು ಎದ್ದು ಕೂತು ಕೆಮ್ಮುತ್ತದೆ.
ಕೆಮ್ಮದೆ ಏನು ಮಾಡೀತು? ಕೆಳಗೆ ಮೆಣಸಿನ ಗೋದಾಮು,
ಕೀಲಿಮಣೆಯ ಸಂದಿಗೊಂದಿಯಲ್ಲೆಲ್ಲ ಗುಂಟೂರಿನ ಕೆಂಪು ಹುಡಿ.
ಏಳರ ಗುಂಡಿ ಒತ್ತಿದರೆ ಒಮ್ಮೆ ಏನೂ ಇಲ್ಲ,
ಒಮ್ಮೆ ಏಳರ ಬೆನ್ನಿಗೆ ಇನ್ನೊಂದು ಏಳು.
ಹೋದ ವರ್ಷ ಎಪ್ಪತ್ತು ಪೆಟ್ಟಿಗೆ ಏಲಕ್ಕಿ
ಏಳುನೂರ ಎಪ್ಪತ್ತಾಗಿ ದುಬೈಗೆ ಹೊರಟದ್ದು ಹೀಗೇ,
ಕಾಗದದ ಮೇಲೆ.

ಆಮೇಲೆ ಪಾಸ್‌ವರ್ಡು.
ನಲವತ್ತೈದು ದಿನಕ್ಕೊಮ್ಮೆ ಹೊಸದು ಬೇಕಂತೆ,
ಹಳೆಯದರ ವಾಸನೆಯೂ ಇರಬಾರದಂತೆ.
ಮೊಗವೀರರ ಮಗಳು ನಾನು, ಮೀನಿನಿಂದಲೇ ಶುರು ಮಾಡಿದೆ:
ಬಂಗುಡೆ, ಬೂತಾಯಿ, ಕಾಣೆ, ಅಂಜಲು, ತೊರಕೆ,
ಬಾಲಕ್ಕೊಂದು ಅಂಕಿ, ಕಿವಿರಿಗೊಂದು ಚುಕ್ಕಿ.
ಕಡಲಲ್ಲಿ ಮುಗಿಯುವ ಮೊದಲೇ ನನ್ನಲ್ಲಿ ಮೀನು ಮುಗಿದವು.
ಈಗ ಏಡಿ ನಡೆಯುತ್ತಿದೆ.
‘ದುರ್ಬಲ’ ಅನ್ನುತ್ತದೆ ಪರದೆ, ಕೆಂಪಕ್ಷರದಲ್ಲಿ.
ಒಮ್ಮೆ ಬೆರಳು ಕೊಟ್ಟು ನೋಡಲಿ.

ಮಿಸ್ತ್ರಿ ಸಾಹೇಬರು ಬಂದ ಪ್ರತಿ ಮೇಲನ್ನೂ ಪ್ರಿಂಟು ತೆಗೆಸಿ ಓದುತ್ತಾರೆ,
ಉತ್ತರವನ್ನು ಹಸಿರು ಶಾಯಿಯಲ್ಲಿ ಅಂಚಿಗೆ ಬರೆದು ಕೊಡುತ್ತಾರೆ.
ನಾನು ಟೈಪಿಸಿ ಕಳಿಸುತ್ತೇನೆ, ಅವರಿಗೂ ಒಂದು ಪ್ರತಿ.
ಅದನ್ನೂ ಪ್ರಿಂಟು ತೆಗೆಸುತ್ತಾರೆ.

ಹೇಳಹೊರಟದ್ದು ಇದಲ್ಲ.
ಬಾಕಿ ವಸೂಲಿಯ ಫೈಲು ತೆರೆದರೆ ಸಾಕು, ಚೌಕದೊಳಗಿಂದ ಒಂದು ಮಾತು:
ಇದು ಕಾರ್ಖಾನೀಸ್ ಅವರ ಕೈಯಲ್ಲಿದೆ, ನಿಮಗೆ ಓದಲು ಮಾತ್ರ.
ಕಾರ್ಖಾನೀಸ್ ಬಾಯಿ ಮಾರ್ಚಿನಲ್ಲೇ ನಿವೃತ್ತರು.
ಶ್ರೀಖಂಡ ತಿನ್ನಿಸಿ, ಶಾಲು ಹೊದಿಸಿ, ಗೋಡೆ ಗಡಿಯಾರ ಕಂಕುಳಿಗಿಟ್ಟು
ಬದ್ಲಾಪುರದ ಲೋಕಲ್ ಹತ್ತಿಸಿ ಬಂದವಳು ನಾನೇ.
ಯಂತ್ರಕ್ಕೆ ಯಾರೂ ಹೇಳಿಲ್ಲ,
ಅಥವಾ ಹೇಳಿದ್ದನ್ನು ಅದು ನಂಬಿಲ್ಲ.

ಹಾಗಾಗಿ ನಕಲು ಮಾಡಿಕೊಂಡೆವು: ಬಾಕಿ ಹೊಸದು, ಬಾಕಿ ಕೊನೆಯದು,
ಬಾಕಿ ಕೊನೆಯ ಕೊನೆಯದು, ಬಾಕಿ ಇದನ್ನೇ ಬಳಸಿ.
ಒಂದರಲ್ಲಿ ಟೋಪಿವಾಲಾ ನಮಗೆ ಎರಡು ಲಕ್ಷ ಕೊಡಬೇಕು,
ಒಂದರಲ್ಲಿ ಚುಕ್ತಾ,
ಇನ್ನೊಂದರಲ್ಲಿ ನಾವೇ ಅವನಿಗೆ ಕೊಡಬೇಕು.
ಅವನು ವಿನಯದಿಂದ ಈ ಮೂರನೆಯದನ್ನು ಕೇಳುತ್ತಾನೆ.

ಕೊನೆಗೆ ಮುಂಬ್ರಾದಿಂದ ಅಲ್ತಮಶ್ ಬಂದ.
ಆಫ್ ಮಾಡಿ ಆನ್ ಮಾಡಿದಿರಾ ಎಂದು ಕೇಳದೆ
ನೆಲದ ಮೇಲೆ ಮಲಗಿ ತಂತಿಯ ಬೆನ್ನು ಹಿಡಿದು ತೆವಳುತ್ತ ಹೋದ,
ಬೀರುವಿನ ಹಿಂದೆ, ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಕೆಯಡಿ
ಬಾಯಿಯ ಹಳೆಯ ಪೆಟ್ಟಿಗೆ, ಮೈ ಬೆಚ್ಚಗೆ.
ಅದರ ಗುಂಯ್ಗುಡುವಿಕೆಯನ್ನು ಏಳು ತಿಂಗಳು
ಫ್ರಿಜ್ಜಿನದು ಅಂದುಕೊಂಡಿದ್ದೆವು ನಾವು.

ಪರದೆ ಜೋಡಿಸಿದ. ಷರಾ ಅಂಕಣದಲ್ಲಿ
ಕರ್ಸರು ಇನ್ನೂ ಮಿಟುಕುತ್ತಿತ್ತು, ಅರ್ಧ ವಾಕ್ಯದ ತುದಿಯಲ್ಲಿ:
‘ಈ ತಿಂಗಳು ಟೋಪಿವಾಲಾಗೆ ಒತ್ತಾಯ ಬೇಡ, ಅವರ ಹೆಂಡತಿ’
ಅಷ್ಟೇ.
ಉಳಿಸಲಾ ಎಂದು ಕೇಳಿದ ಅಲ್ತಮಶ್.

ಫೋನು ಹಚ್ಚಿದೆ. ಮೊದಲ ರಿಂಗಿಗೇ ಎತ್ತಿದರು.
ಆರಿಸಿರಲಿಲ್ಲವಾ ನಾನು? ಹದಿನೆಂಟು ವರ್ಷದಲ್ಲಿ ಒಂದು ದಿನವೂ...
ಅವರ ಹೆಂಡತಿ ಏನು ಬಾಯಿ? ಮುಂದೇನು ಬರೆಯಲಿಕ್ಕಿತ್ತು?
ಬಹಳ ಹೊತ್ತು ಸದ್ದಿಲ್ಲ. ಬದ್ಲಾಪುರದಲ್ಲಿ ಕುಕ್ಕರು ಕೂಗಿತು,
ಎರಡು ಸಲ.
ನೆನಪಿಲ್ಲ ಕಣೇ. ಹಾಗೇ ಇರಲಿ ಬಿಡು.
ಹಾಗೇ ಉಳಿಸಿದೆವು. ಟೋಪಿವಾಲಾನನ್ನು ಕೇಳಲು
ಈವರೆಗೆ ಬಾಯಿ ಬಂದಿಲ್ಲ.

ಈಗ ಫೈಲು ತಕರಾರಿಲ್ಲದೆ ತೆರೆಯುತ್ತದೆ.
ಕೈ ಮಾತ್ರ ಬೆಳಗ್ಗೆ ಒಂದು ಗಳಿಗೆ ತಡೆಯುತ್ತದೆ,
ಹೊಸಿಲ ಮೇಲೆ ಯಾರೋ ಕೂತಿದ್ದಾರೆ ಎಂಬಂತೆ.
ನಿನ್ನೆ ಪಕ್ಕದ ಮೇಜಿನಿಂದ ಹೊಸ ಹುಡುಗ:
ವಾರಿಜಾ ಮ್ಯಾಡಂ, ಫೈಲು ನಿಮ್ಮ ಕೈಯಲ್ಲಿದೆಯಂತೆ,
ನನಗೆ ಓದಲು ಮಾತ್ರವಂತೆ. ಬಿಡುತ್ತೀರಾ?
ಒಂದು ನಿಮಿಷ ತಡಿ ಅಂದೆ.
ಏಳರ ಗುಂಡಿ ಇನ್ನೂ ಎದ್ದಿಲ್ಲ.