ಡಿಕ್ಕಿಯ ಅಳತೆ

ಹನ್ನೆರಡು ಇಂಚಿನವು ಎರಡು ಬೇಕು ಎಂದ ಅದ್ನಾನ್.
ಸಲ್ಮಾಬಾದಿನ ನಮ್ಮ ಅಂಗಡಿಯ ಶಟರ್ ಇನ್ನೂ ಪೂರ್ತಿ ಏರಿರಲಿಲ್ಲ.
ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದವನ ಕನ್ನಡಿ ನಡುಗಬೇಕಂತೆ.
ಟೇಪು ಹಿಡಿದು ಡಿಕ್ಕಿ ತೆರೆದೆ.

ಒಳಗೆ ಮಡಚಿಟ್ಟ ಗಾಲಿಕುರ್ಚಿ,
ಕೈಹಿಡಿಗೆ ಆಸ್ಪತ್ರೆಯ ಚೀಟಿ, ಸೀಟಿನ ಸಂದಿಯಲ್ಲಿ ಖರ್ಜೂರದ ಬೀಜ.
ಅಪ್ಪನದು, ತೆಗೆಯುವ ಹಾಗಿಲ್ಲ, ಎಂದ.
ಟೇಪು ಸರ್ರನೆ ಸುತ್ತಿ ಬೆರಳಿಗೆ ಬಡಿಯಿತು.

ಕುರ್ಚಿಗೆ ಬೇಕಾದ್ದು ಕುರ್ಚಿಗೆ,
ಮಿಕ್ಕ ಮೂಲೆ ಸದ್ದಿಗೆ.
ಎರಡು ಹನ್ನೆರಡು, ಒಂದು ಹನ್ನೆರಡಾಯಿತು,
ಚಾ ಬರುವಾಗ ಹತ್ತು,
ಲೋಟ ಖಾಲಿಯಾಗುವಾಗ ಎಂಟು.
ಅವನ ಮುಖ ನೋಡಬೇಕಿತ್ತು:
ಅಂಜಲಿಗೆ ಹರಾಜು ಕೂಗಿ ಬೂತಾಯಿ ಹೊತ್ತವನ ಮುಖ.

ಗಾಜಿನ ಕಪಾಟಿನ ಸ್ಟಿಕರುಗಳಲ್ಲಿ
ಎರಡು ಸಾವಿರ ವಾಟ್ಸು, ಮೂರು ಸಾವಿರ ವಾಟ್ಸು.
ಓದಬೇಡ ಮಾರಾಯ, ಅದು ಮಾರುವವನ ಬಾಯಿ.
ಸ್ಪೀಕರಿನದು ಅರ್ಧ ಸದ್ದು, ಇನ್ನರ್ಧ ಪೆಟ್ಟಿಗೆಯದು.
ಗಾಳಿ ಸೋರಿದರೆ ಮೂರು ಸಾವಿರವೂ ಬರೀ ಕೆಮ್ಮು.

ಪೆಟ್ಟಿಗೆಯ ವಿದ್ಯೆ ಈ ಊರಿನದಲ್ಲ.
ಗಂಗೊಳ್ಳಿಯಲ್ಲಿ ಅಪ್ಪಯ್ಯ ದೋಣಿಯ ಸಂದಿಗೆ
ಹತ್ತಿನೂಲು ತುರುಕಿ ಹೊನ್ನೆ ಎಣ್ಣೆ ಕುಡಿಸುತ್ತ
ಹೇಳುತ್ತಿದ್ದದ್ದು ಒಂದೇ ಮಾತು:
ನೀರ್ ಬಪ್ಪು ದಾರಿ ನಿಂಗ್ ಕಾಂತಿಲ್ಲೆ, ನೀರಿಗ್ ಕಾಣತ್ತ್.
ನಾನು ಎಂಡಿಎಫ್ ಹಲಗೆಯ ಸಂದಿಗೆ ಸಿಲಿಕೋನ್ ಎಳೆದು
ರಾತ್ರಿಯಿಡೀ ಒಣಗಲು ಬಿಟ್ಟೆ.
ಬೆಳಿಗ್ಗೆ ಮಿಂಟು ತೀರಾ ಕೆಳಗಿನ ಸ್ವರ ಹಾಕಿದ.
ಮೇಣದಬತ್ತಿ ಹಿಡಿದು ಅಂಚಿನುದ್ದಕ್ಕೂ ನಡೆದೆ.
ಕುಡಿ ಅಲುಗಲಿಲ್ಲ.

ಆಮೇಲೆ ಕಾರ್ಪೆಟ್ಟಿನಡಿ ದಪ್ಪ ಕೆಂಪು ತಂತಿ,
ಬ್ಯಾಟರಿಯಿಂದ ಗೇಣು ದೂರಕ್ಕೆ ಫ್ಯೂಸು,
ಅರ್ಥಿಂಗಿಗೆ ಬಣ್ಣ ಉಜ್ಜಿ ಉಜ್ಜಿ
ಹೊಳೆಯುವ ತಗಡು.
ತಗಡಿನ ಮೇಲೆ ಬಿದ್ದ ಬೆವರು ಅಲ್ಲೇ ಆರುತ್ತಿತ್ತು.

ಒಯ್ಯಲು ಬಂದ ದಿನ ಮುಂದಿನ ಸೀಟಿನಲ್ಲಿ ಅಪ್ಪ,
ಹಿಂದೊಮ್ಮೆ ಟಗ್‌ಬೋಟಿನ ಇಂಜಿನ್ ನೋಡಿಕೊಂಡಿದ್ದವನಂತೆ.
ಅದ್ನಾನ್ ವಾಲ್ಯೂಮ್ ತಿರುಗಿಸಿದ. ಮುದುಕ ಬೆರಳೆತ್ತಿದ.
ಹಾಡು ನಿಂತಿತು.
ಮತ್ತೆ ಹಾಕಿದ. ಮತ್ತೆ ಬೆರಳು.
ವರಾ, ಎಂದ. ಹಿಂದೆ.

ಪೆಟ್ಟಿಗೆಯ ಸ್ಕ್ರೂ ಬಿಗಿದೆ, ಜಾಲರಿ ಬಿಗಿದೆ,
ಕುರ್ಚಿಯ ಗಾಲಿಗೆ ಬಟ್ಟೆ ಸುತ್ತಿದೆ.
ತಲೆಯಾಡಿಸಿದ.
ಕೊನೆಗೆ ಅದೇ ಕುರ್ಚಿ ಇಳಿಸಿ, ಅವನನ್ನು ಅದರಲ್ಲಿ ಕೂರಿಸಿ
ಹಿಂದಕ್ಕೆ ತಳ್ಳಿಕೊಂಡು ಬಂದೆವು.
ಅಂಗೈಯನ್ನು ನಂಬರ್ ಪ್ಲೇಟಿನ ಮೇಲಿಟ್ಟ.
ಇಷ್ಟು ಹೊತ್ತು ಕಿವಿಗೆ ಬೀಳದ ಒಂದು ಕಿರಿಕಿರಿ
ನಿಂತಾಗ ಕೇಳಿಸಿತು ನನಗೆ.
ಹಲ್ಲಿಲ್ಲದ ಬಾಯಿ ತುಂಬ ನಕ್ಕ.

ರಬ್ಬರು ಹುಡುಕಲು ವ್ಯವಧಾನವಿರಲಿಲ್ಲ.
ನನ್ನ ಹವಾಯಿ ಚಪ್ಪಲಿಯ ಹಿಮ್ಮಡಿ ಕೊಯ್ದು
ಪ್ಲೇಟಿನ ಹಿಂದೆ ಅಂಟಿಸಿದೆ.
ಬಿಲ್ಲಿನಲ್ಲಿ ಅದನ್ನು ಬರೆಯಲಿಲ್ಲ.

ಯಾರ ಕನ್ನಡಿಯೂ ನಡುಗದೆ ಕಾರು ತಿರುವು ದಾಟಿತು.
ರಾತ್ರಿ ರೂಮಿಗೆ ಹೋಗುವಾಗ ಒಂದು ಕಾಲು ತಗ್ಗು.
ಗಂಗೊಳ್ಳಿಯ ದೋಣಿಯಲ್ಲಿ ನಡೆದ ಹಾಗೆ
ಸಲ್ಮಾಬಾದಿನ ಡಾಂಬರಿನ ಮೇಲೆ
ವಾಲುತ್ತ ನಡೆದೆ.